ಪಾಂಡವಪುರದಲ್ಲಿ ಸಾಯದ ನಾಯಕ

ಎಲ್ಲರಿಗೂ ಯಾವುದಾದರೊಂದು ವಿಷಯದಲ್ಲಿ ತಾನೇ ಬಲ್ಲವನೆಂಬ ಜಂಬ ಇರುತ್ತದೆ. ಕೆಲವರಿಗೆ ರಾಜಕೀಯ, ಕೆಲವರಿಗೆ ಕ್ರಿಕೆಟ್ಟು, ನನ್ನ ಭಾವನಿಗೆ ಯಾವ ಕಾಯಿಲೆಗೆ ಯಾವ ಸೊಪ್ಪು ಎಂಬುದು. ನನ್ನ ಜಂಬ ಹಳೆಯ ಸಿನಿಮಾಗಳದ್ದು. ಪಾಂಡವಪುರದಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿಯಿದೆ. ಮೊಳೆ, ಪೈಪು, ನಲ್ಲಿ, ಬಣ್ಣ ಮಾರುತ್ತೇನೆ. ಬಣ್ಣ ಮಾರುವವನ ತಲೆಯೊಳಗೆ ಇರುವುದೆಲ್ಲ ಕಪ್ಪು-ಬಿಳುಪು. ಯಾವ ಚಿತ್ರದಲ್ಲಿ ಯಾರು ಯಾರಿಗೆ ತಾಯಿ, ಯಾವ ಖಳನಾಯಕನ ಮೀಸೆ ಇಂಟರ್‌ವಲ್ಲಿನ ನಂತರ ಸಣ್ಣದಾಯಿತು ಎಂಬುದನ್ನೆಲ್ಲ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಹಾಗೆ ಎಬ್ಬಿಸಿ ಯಾರೂ ಕೇಳುವುದಿಲ್ಲ ಅನ್ನಿ. ನನ್ನ ಹೆಂಡತಿ ಎಬ್ಬಿಸುವುದು ಹಾಲು ತರುವುದಕ್ಕೆ.

ಈ ವಿದ್ಯೆಗೆ ಬೆಲೆ ಸಿಕ್ಕಿದ್ದು ಫೋನಿನಲ್ಲಿ. ಹಳೇ ಚಿತ್ರಗಳ ಹುಚ್ಚಿರುವವರೆಲ್ಲ ಸೇರಿ ಒಂದು ಗುಂಪು ಮಾಡಿಕೊಂಡೆವು, 'ಕಪ್ಪು-ಬಿಳುಪು ಬಳಗ' ಅಂತ. ಮಧ್ಯಾಹ್ನ ಊಟ ಮುಗಿದು ಅಂಗಡಿಯಲ್ಲಿ ನೊಣ ಹೊಡೆಯುವ ಹೊತ್ತಿಗೆ ನಾಗಮಂಗಲದ ಲಲಿತಮ್ಮ ಟೀಚರು ಪ್ರಶ್ನೆ ಕೇಳುತ್ತಾರೆ. ನಾವು ಉತ್ತರ ಹೇಳಬೇಕು. ನಿಯಮ ಒಂದೇ: ಫೋನಿನಲ್ಲಿ ಹುಡುಕಬಾರದು, ನೆನಪಿನಿಂದಲೇ ಹೇಳಬೇಕು, ಅದೂ ಬಾಯಲ್ಲಿ ಹೇಳಿ ಕಳಿಸಬೇಕು. ಈ ಬಾಯಲ್ಲಿ ಹೇಳುವುದು ನಮ್ಮ ಕಡೆಯವರಿಗೆ ಸ್ವಲ್ಪ ಕಷ್ಟ. ಒಮ್ಮೆ ನಾನು ಹಾಡಿನ ಹಕಾರ ನುಂಗಿ 'ಆ ಆಡು ಮಳೇಲಿ ಬರೋದು' ಎಂದಾಗ, ಟೀಚರು 'ಯಾರ ಮನೆ ಆಡು ಚಂದ್ರಣ್ಣ, ಒಳಗೆ ಕಟ್ಟೋಕೇಳಿ' ಎಂದು ಮಾನ ತೆಗೆದರು. ಆದರೂ ನಾನು ಕುಗ್ಗಲಿಲ್ಲ. ಯಾಕೆಂದರೆ ಗುಂಪು ಕಟ್ಟಿದವನು ನಾನು, ಅದರ ಅಡ್ಮಿನ್ನು ನಾನು. ಅಂಗಡಿಯಲ್ಲಿ ಒಂದಿಂಚಿನ ಮೊಳೆ ಕೇಳಿದವನಿಗೆ ಎರಡಿಂಚಿನದು ಕೊಟ್ಟು ಕಳಿಸಿ ಬೈಸಿಕೊಂಡರೂ, ಫೋನಿನಲ್ಲಿ ನಾನೊಬ್ಬ ಸಣ್ಣ ಪಾಳೇಗಾರನೇ ಆಗಿದ್ದೆ.

ಆ ಗುಂಪಿನಲ್ಲಿ ನನಗೆ ಸಮಸಮ ನಿಲ್ಲುತ್ತಿದ್ದವರು ಶ್ರೀರಂಗಪಟ್ಟಣದ ಬಷೀರ್ ಸಾಹೇಬರು ಒಬ್ಬರೇ. ಲಾರಿ ಓಡಿಸುತ್ತಿದ್ದವರು, ಮಂಡಿ ಕೈಕೊಟ್ಟ ಮೇಲೆ ಮನೆಯಲ್ಲೇ ಕೂತಿದ್ದಾರೆ. ನಾನು ಅವರನ್ನು ನೋಡಿರಲಿಲ್ಲ, ಧ್ವನಿ ಮಾತ್ರ ಗೊತ್ತು. ದಿನಾ 'ಸಲಾಂ, ನಮಸ್ಕಾರ, ಊಟ ಆಯ್ತಾ ಎಲ್ರುದೂ?' ಎಂದೇ ಶುರು ಮಾಡುವರು. ಆ ಧ್ವನಿಯ ಹಿಂದೆ ಒಂದು ನಲ್ಲಿ ಯಾವಾಗಲೂ ತೊಟ್ಟಿಕ್ಕುತ್ತಿತ್ತು. ವಾಷರು ಹೋಗಿದೆ ಎಂದು ಕಿವಿಯಲ್ಲೇ ಕಂಡುಹಿಡಿದಿದ್ದೆ, ಆದರೆ ಹೇಳಿರಲಿಲ್ಲ. 'ಈ ಗುಂಪು ಇಲ್ದಿದ್ರೆ ಗೋಡೆ ನೋಡ್ಕೊಂಡು ಕೂತಿರ್ಬೇಕಾಗಿತ್ತು ಚಂದ್ರಣ್ಣ' ಎಂದು ಅವರೇ ಒಂದು ದಿನ ಅಂದಿದ್ದರು. ಅದು ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಹೇಳಬೇಕಾಗಿದೆ, ಹೇಳುವಾಗ ಕಿವಿ ಬಿಸಿಯಾಗುತ್ತದೆ.

ಆವತ್ತು ಟೀಚರು ಕೇಳಿದ್ದು ಒಂದು ಹಳೆಯ ಚಿತ್ರದ ಬಗ್ಗೆ. ಹೆಸರು ಹೇಳುವುದಿಲ್ಲ, ಹೇಳಿದರೆ ನೀವೂ ಜಗಳಕ್ಕೆ ಬರುತ್ತೀರಿ. 'ಕೊನೆಯಲ್ಲಿ ನಾಯಕ ಏನಾಗುತ್ತಾನೆ?' ಇದೂ ಒಂದು ಪ್ರಶ್ನೆಯೇ ಎಂದುಕೊಂಡು, 'ಮದುವೆ ಆಗ್ತಾನೆ' ಎಂದು ತಟ್ಟನೆ ಕಳಿಸಿದೆ. ಅಷ್ಟಕ್ಕೇ ಬಿಡದೆ ನಿರ್ದೇಶಕರನ್ನೂ ಹೊಗಳಿದೆ: ನಡುವೆ ನಾಯಕಿ ಕನಸಿನಲ್ಲಿ ಕಂಡ ಮದುವೆಯೇ ಕೊನೆಗೆ ನಿಜವಾಗುತ್ತದೆ, ಅದೇ ಹಾರ, ಅದೇ ಚಪ್ಪರ, ಪುರೋಹಿತರು ಕನಸಿನಲ್ಲಿ ಸೀನಿದ ಜಾಗದಲ್ಲೇ ನಿಜದಲ್ಲೂ ಸೀನುತ್ತಾರೆ, ಈಗಿನವರಿಗೆ ಇಂಥ ಸೂಕ್ಷ್ಮ ಎಲ್ಲಿ ಬರಬೇಕು, ಎಂದು. ಬಷೀರ್ ಸಾಹೇಬರು ನಿಧಾನವಾಗಿ, 'ಅವ್ನು ಸತ್ತೋಗ್ತಾನಲ್ಲ ಚಂದ್ರಣ್ಣ' ಅಂದರು.

ನನಗೆ ರೇಗಿತು. 'ಸಾಹೇಬ್ರೆ, ನೀವು ಇಂಟರ್‌ವಲ್ಲಲ್ಲಿ ಕಡ್ಲೆಕಾಯಿ ತರಕ್ಕೋಗಿ ಬೇರೆ ಟೆಂಟಿಗೆ ನುಗ್ಬುಟ್ಟಿದ್ರೇನೋ' ಎಂದು ಕಳಿಸಿದೆ. ಒಂದಿಬ್ಬರು ನಕ್ಕರು. ನಗು ಕಂಡರೆ ನನಗೆ ಅಮಲೇರುತ್ತದೆ. ಸಾಹೇಬರು ನಗಲಿಲ್ಲ. 'ಅಂಗಲ್ಲ ಅಣ್ಣಾ, ಕಣ್ಣಾರೆ ನೋಡಿವ್ನಿ. ಅವ್ನು ಸತ್ತಿದ್ದಕ್ಕೆ ನಮ್ಮ ಅಮ್ಮೀಜಾನ್ ಅವತ್ತು ರಾತ್ರಿ ಊಟ ಬುಟ್ಟಿದ್ರು. ಖುದಾ ಕಸಮ್' ಎಂದರು. ತಾಯಿಯ ಮಾತು ಬಂದ ಮೇಲಾದರೂ ಸುಮ್ಮನಾಗಬೇಕಿತ್ತು. 'ಇಲ್ಲದ ಸಾವಿಗೆ ಅಮ್ಮನ್ನ ಅಳಿಸ್ಬೇಡಿ. ಸುಳ್ಳು ಹೇಳೋರಿಗೆ ಇಲ್ಲಿ ಜಾಗ ಇಲ್ಲ' ಎಂದು ಹೇಳಿ, ಅವರನ್ನು ಗುಂಪಿನಿಂದ ತೆಗೆದುಹಾಕಿದೆ. ಅದಕ್ಕೆ ಬೇಕಾದದ್ದು ಒಂದು ಬೆರಳು ಮಾತ್ರ.

'ಚಂದ್ರಣ್ಣ, ಇದು ಸರಿಯಲ್ಲ, ವಾಪಸ್ ಸೇರಿಸಿ' ಎಂದರು ಟೀಚರು. ಚಿತ್ರ ಹಾಕಿಕೊಂಡು ನೋಡಿದ್ದರೆ ಮುಗಿಯುತ್ತಿತ್ತಲ್ಲ ಎಂದು ನೀವು ಕೇಳಬಹುದು. ಗೊತ್ತಿರುವುದನ್ನು ಯಾರಾದರೂ ನೋಡುತ್ತಾರೆಯೇ? ನಾನು ಸಾಕ್ಷಿ ಹುಡುಕಲು ಹೊರಟೆ. ಎದುರಿನ ಹೋಟೆಲಿನವನು 'ಮದ್ವೇನೇ ಆಗದು' ಅಂದ. ಅಂಗಡಿಗೆ ಬಂದ ನನ್ನ ಪ್ರಾಯದವರೆಲ್ಲ, ನಮ್ಮೂರಲ್ಲೇ ಹುಟ್ಟಿ ಬೆಳೆದವರು, 'ಪುರೋಯ್ತ ಸೀನ್ತಾನಲ್ಲ, ಅದೇ ತಾನೆ?' ಎಂದು ನನ್ನ ಬೆನ್ನು ತಟ್ಟಿದರು. ಊರಿಗೆ ಊರೇ ನನ್ನ ಕಡೆ. ಕೊನೆಯ ಸಾಕ್ಷಿಯಾಗಿ ಬೂಕನಕೆರೆಗೆ ಕೊಟ್ಟಿರುವ ನನ್ನ ಅಕ್ಕನಿಗೆ ಫೋನು ಮಾಡಿದೆ. ನಮ್ಮೂರ ಟೆಂಟ್ ಸಿನಿಮಾದಲ್ಲಿ ನನಗಿಂತ ಹೆಚ್ಚು ಮರಳು ಸವೆಸಿದವಳು ಅವಳೇ. ಎಲ್ಲರೂ ಕೇಳಲೆಂದು ಸ್ಪೀಕರಿಗೆ ಹಾಕಿದೆ. ಪೈಪು ಕೊಳ್ಳಲು ಬಂದವರೂ ಕಿವಿ ನಿಮಿರಿಸಿ ನಿಂತರು.

'ಅಕ್ಕಾ, ಅವ್ನು ಕೊನೇಲಿ ಏನಾಗ್ತಾನೆ ಹೇಳು' ಎಂದೆ.

'ಯಾವತ್ತಿಂದು ಕೇಳ್ತಿದ್ದೀಯ? ಮೊದಲ್ನೇ ದಿನದ್ದೋ, ಆಮೇಲಿಂದೋ?'

'ಸಿನಿಮಾದಲ್ಲಿ ದಿನ ಏನಕ್ಕಾ?'

'ಅಯ್ಯೋ, ನಿಂಗೆ ಗೊತ್ತಿಲ್ವೇನ್ಲಾ? ಮೊದಲ್ನೇ ದಿನ ಅವ್ನು ಸತ್ತೋದ ಕಣ್ಲಾ. ಎಂಗುಸ್ರೆಲ್ಲ ಎದೆ ಬಡ್ಕಂಡು ಅತ್ರು. ನಾನು ಮನೇಗ್ ಬಂದು ಮುದ್ದೆ ಮುಟ್ಲಿಲ್ಲ. ನಮ್ಮಪ್ಪಯ್ಯ ಎದ್ದೋಗಿ ಟೆಂಟ್‌ನೋನ ಕೊಳಪಟ್ಟಿ ಇಡ್ಕಂಡು, ಯಾಕ್ಲಾ ಸಾಯಿಸ್ದೆ ಅವ್ನ, ನಾಳಿಕ್ಕೂ ಸತ್ರೆ ಟೆಂಟ್ ಇರಾಕಿಲ್ಲ ನೋಡು ಅಂದ್ಬುಟ್ರು. ಪಾಪ, ಅವ್ನೇನು ಮಾಡಾನು? ಸಾಯೋ ರೀಲು ತೆಗ್ದು, ಕನಸಿನ ಮದ್ವೇನೇ ಕೊನೇಗೆ ಇನ್ನೊಂದ್ಸಲ ಓಡ್ಸ್ಬುಟ್ಟು ಶುಭಂ ಅಂತ ಆಕ್ದ. ಮಾರ್ನೇ ದಿನ ನಿನ್ನ ಎಗಲ ಮೇಲೆ ಕೂರಿಸ್ಕಂಡು ಕರ್ಕಂಡೋದ್ರಲ್ಲ ಅಪ್ಪಯ್ಯ, ನೋಡು ಮಗ, ಎಂಗೆ ಬದುಕ್ಸ್ದೆ ಅಂತ!'

ಅಂಗಡಿಯಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಫೋನು ಇಟ್ಟು, ಯಾರಿಗೋ ಏನೋ ತೂಗಿ ಕೊಟ್ಟೆ. ಪುರೋಹಿತರ ಸೀನಿನ ಬಗ್ಗೆ ನಾನು ಆಡಿದ ವಿಮರ್ಶೆಯ ಮಾತೆಲ್ಲ ಒಂದೊಂದಾಗಿ ನೆನಪಾಗಿ ಬೆವರಿಳಿಯಿತು. ನನ್ನಪ್ಪ ಕಾಪಿ ಹೊಡೆಸಿದ ಸೀನಿಗೆ ನಾನು ನಿರ್ದೇಶಕರನ್ನು ಹೊಗಳಿದ್ದೆ. ಅದು ಹೋಗಲಿ. ನನ್ನ ಅಕ್ಕ ಮುದ್ದೆ ಬಿಟ್ಟ ಹಾಗೆಯೇ ಬಷೀರ್ ಸಾಹೇಬರ ತಾಯಿಯೂ ಊಟ ಬಿಟ್ಟಿದ್ದರು, ಅದೇ ಸಾವಿಗೆ. ಆ ತಾಯಿಯ ಅಳುವನ್ನು ನಾನು ಎಲ್ಲರೆದುರು ಸುಳ್ಳು ಅಂದಿದ್ದೆ. ಅಂಥ ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಟೀಚರ ಹತ್ತಿರ ವಿಳಾಸ ಕೇಳಿಕೊಂಡು, ಮರುದಿನ ಬೆಳಿಗ್ಗೆಯೇ ಶ್ರೀರಂಗಪಟ್ಟಣದ ಬಸ್ಸು ಹತ್ತಿದೆ. ಬರಿಗೈಲಿ ಹೋಗುವುದು ಹೇಗೆ? ಹಣ್ಣು ಹಂಪಲು ಒಯ್ಯುವುದು ಕಾಯಿಲೆಯವರ ಮನೆಗಾಯಿತು. ಅಂಗಡಿಯಿಂದ ಒಂದು ಹೊಸ ನಲ್ಲಿ, ಅದನ್ನು ಬಿಗಿಯಲು ಒಂದು ಪಾನ ಚೀಲಕ್ಕೆ ಹಾಕಿಕೊಂಡೆ. ಬಾಗಿಲು ತೆರೆದ ಬಷೀರ್ ಸಾಹೇಬರಿಗೆ ನಾನು ಯಾರೆಂದೇ ತಿಳಿಯಲಿಲ್ಲ. 'ನಾನು ಚಂದ್ರಣ್ಣ, ಪಾಂಡವಪುರ' ಎಂದೆ. ಬೈಯುತ್ತಾರೆಂದು ಕಾದೆ. 'ಆವೋ ಆವೋ, ಒಳಗ್ ಬನ್ನಿ' ಅಂದರು. 'ನಲ್ಲಿ ಎಲ್ಲಿದೆ?' ಎಂದು ಕೇಳಿ, ನೇರವಾಗಿ ಬಚ್ಚಲಿಗೆ ಹೋಗಿ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದೆ. ಕೈಗೆ ಕೆಲಸವಿದ್ದಾಗ ಮುಖ ನೋಡಬೇಕಾಗಿಲ್ಲ. ಗೋಡೆಗೆ ಮುಖ ಮಾಡಿಕೊಂಡೇ ಅಕ್ಕ ಹೇಳಿದ್ದನ್ನೆಲ್ಲ ಹೇಳಿದೆ. ಅವರು ನಕ್ಕ ನಗುವಿಗೆ ಬಚ್ಚಲೇ ಗಡಗಡ ಎಂದಿತು. 'ಅಂದ್ರೆ ನೀವು ಕೊನೆ ನೋಡೇ ಇಲ್ವಾ? ಬನ್ನಿ, ತೋರಿಸ್ತೀನಿ' ಎಂದು ಕೂರಿಸಿಕೊಂಡು ಫೋನಿನಲ್ಲಿ ಚಿತ್ರ ಹಚ್ಚಿದರು.

ಹೀಗೆ, ಮೊಮ್ಮಕ್ಕಳನ್ನು ಕಂಡ ವಯಸ್ಸಿನಲ್ಲಿ, ಅವನು ಸಾಯುವುದನ್ನು ಮೊದಲ ಸಲ ನೋಡಿದೆ. ಅಪ್ಪಯ್ಯ ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ಬದುಕಿಸಿ ತೋರಿಸಿದ್ದವನು ಅಂಗೈಯಗಲದ ತೆರೆಯಲ್ಲಿ ಕಣ್ಣು ಮುಚ್ಚಿದ. ನನಗೆ ತಡೆಯಲಾಗಲಿಲ್ಲ. ಗಳಗಳನೆ ಅತ್ತುಬಿಟ್ಟೆ. ಟೀ ತಂದ ಸಾಹೇಬರ ಹೆಂಡತಿ ಬಾಗಿಲಲ್ಲೇ ನಿಂತು, 'ಯಾ ಅಲ್ಲಾ! ಅಣ್ಣನ ಮನೇಲಿ ಯಾರು ಓಗ್ಬುಟ್ರು?' ಎಂದು ಗಾಬರಿಯಾದರು. 'ಹೀರೋ' ಅಂದರು ಸಾಹೇಬರು. ಆಕೆ ಗಂಡನನ್ನು ಗದರಿ, ನನಗೆ ನೀರು ಕೊಟ್ಟು, ಆಗುವುದೆಲ್ಲ ಮೇಲಿನವನ ಇಚ್ಛೆ ಎಂದು ಸಮಾಧಾನ ಹೇಳಿದರು. ಸಾಹೇಬರನ್ನು ಅಲ್ಲೇ ಗುಂಪಿಗೆ ಮತ್ತೆ ಸೇರಿಸಿ, ಟೀ ಕುಡಿದು, ಬಸ್ಸಿಗೆ ಬಂದು ಕೂತೆ. ಸ್ವಲ್ಪ ದೂರ ಬಂದ ಮೇಲೆ ಹೊಳೆಯಿತು: ಕ್ಷಮೆ ಕೇಳಲು ಹೋದವನು ಸಮಾಧಾನ ಮಾಡಿಸಿಕೊಂಡು ಬಂದಿದ್ದೇನೆ. ತಪ್ಪಾಯಿತು ಎಂಬ ಮಾತು ನನ್ನ ಬಾಯಿಂದ ಹೊರಟೇ ಇರಲಿಲ್ಲ.

ಅಷ್ಟರಲ್ಲಿ ಗುಂಪಿನಲ್ಲಿ ಅವರ ಧ್ವನಿ ಬಂತು. 'ಸಲಾಂ, ನಮಸ್ಕಾರ. ಚಂದ್ರಣ್ಣ ಬಂದಿದ್ರು, ಇಬ್ರೂ ಕೂತು ವಿಚಾರ ಮಾಡಿದ್ವಿ. ನಮ್ಮ ಪಟ್ಣದಲ್ಲಿ ಅವ್ನು ಸತ್ತಿದ್ದು ನಿಜ. ಪಾಂಡವಪುರದಲ್ಲಿ ಮದ್ವೆ ಆಗಿದ್ದೂ ನಿಜ, ಸಾಕ್ಷಿ ಅವ್ರೆ. ಟೀಚರ್, ಇಬ್ರಿಗೂ ಅರ್ಧರ್ಧ ಮಾರ್ಕ್ ಕೊಟ್ಬುಡಿ.' ಟೀಚರು ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅದರ ಕೆಳಗೆ, ಅವರು ಹೇಳಿದ್ದೇ ಸರಿ, ತಪ್ಪು ಪೂರ್ತಿ ನನ್ನದು, ಎಲ್ಲರೆದುರು ಅಂದದ್ದಕ್ಕೆ ಎಲ್ಲರೆದುರೇ ಕ್ಷಮೆ ಕೇಳುತ್ತೇನೆ ಎಂದು ಹೇಳಲು ಬಾಯಿ ತೆರೆದೆ. ಬಸ್ಸಿನಲ್ಲಿ ಗಲಾಟೆ ಜಾಸ್ತಿ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಬರೆಯೋಣವೆಂದು ಬರೆದೆ, ಓದಿ, ಅಳಿಸಿದೆ. ಕೊನೆಗೆ, ಡಿಗ್ರಿ ಪಾಸು ಮಾಡಿ ಅದನ್ನು ಕಟ್ಟು ಹಾಕಿಸಿ ಅಂಗಡಿ ಗೋಡೆಗೆ ನೇತುಹಾಕಿರುವ ನಾನು, ಬಷೀರ್ ಸಾಹೇಬರ ಮಾತಿನ ಕೆಳಗೆ ಒಂದು ಹೆಬ್ಬೆಟ್ಟು ಒತ್ತಿ, ಫೋನನ್ನು ಜೇಬಿಗಿಟ್ಟುಕೊಂಡೆ.