ಹಿಂದೆ ಏನೂ ಇಲ್ಲ ಎಂದ ಗಾಡಿ

ಮೂವತ್ತು ವರ್ಷ ಪತ್ರಿಕೆಯಲ್ಲಿ ದುಡಿದವನು ಮುಖ್ಯ ಸಂಗತಿಯನ್ನು ಮೊದಲ ಸಾಲಿನಲ್ಲೇ ಹೇಳಬೇಕು: ನನಗೆ ಗಾಡಿಯನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಮುಂದಕ್ಕೆ ಎಷ್ಟು ದೂರ ಬೇಕಾದರೂ ಹೋದೇನು. ರಿವರ್ಸ್ ಗೇರಿಗೆ ಕೈ ಹೋದ ಕೂಡಲೇ ಎಡಬಲಗಳು ಅದಲುಬದಲಾಗಿ ಜಗತ್ತೆಲ್ಲ ಕನ್ನಡಿಯೊಳಗೆ ಸೇರಿಕೊಳ್ಳುತ್ತದೆ. ಹಾಗಾಗಿ ಕಾರವಾರದ ನಮ್ಮ ಮನೆಯಲ್ಲಿ ಮದುವೆಯಾದಾಗಿನಿಂದ ಒಂದು ಪದ್ಧತಿ ಇತ್ತು. ಹೆಂಡತಿ ಸುಮಿತ್ರಾ ಇಳಿದು ಹಿಂದೆ ನಿಲ್ಲುವುದು, "ಬರ್ಲಿ, ಬರ್ಲಿ, ಇನ್ನೂ ಬರ್ಲಿ" ಎನ್ನುವುದು, ಸಾಕಾದಾಗ ಡಿಕ್ಕಿಯ ಮೇಲೆ ಎರಡು ಸಲ ಬಡಿಯುವುದು. ಆ ಬಡಿತದಿಂದ ಅಂದಿನ ಸಂಸಾರದ ಹವಾಮಾನವೂ ತಿಳಿಯುತ್ತಿತ್ತು.

ಈ ಬೇಸಿಗೆಯಲ್ಲಿ ಕೊಂಡ ಹೊಸ ಗಾಡಿಯ ಬಂಪರಿನಲ್ಲಿ ಅಂಗಿಯ ಗುಂಡಿಗಳಂಥ ಸೆನ್ಸರ್‌ಗಳಿವೆ. ನಮ್ಮ ಕಿವಿಗೆ ನಿಲುಕದ ಸದ್ದನ್ನು ಅವು ಹೊರಗೆ ಕಳಿಸುತ್ತವೆ. ಅದು ಗೋಡೆಗೋ ಕಂಬಕ್ಕೋ ತಾಗಿ ಮರಳುತ್ತದೆ. ಎಷ್ಟು ಬೇಗ ಮರಳಿತು ಎಂಬುದರ ಮೇಲೆ ದೂರದ ಅಂದಾಜು. ಗೋಡೆ ಹತ್ತಿರವಾದಂತೆ ಬೀಪ್ ಬೀಪ್ ಆತುರಗೊಂಡು ಕೊನೆಗೆ ಒಂದೇ ಉದ್ದನೆಯ ಕೂಗಾಗುತ್ತದೆ. ನಮ್ಮ ಕಡಲಿನ ಡಾಲ್ಫಿನ್‌ಗಳು ಮೀನು ಹುಡುಕುವುದೂ ಹೀಗೆಯೇ. ಸಂಜೆ ಸಮುದ್ರದೆದುರು ಗಾಡಿ ನಿಲ್ಲಿಸಿ, ಕೇಳಿಸದ ಸದ್ದುಗಳು ನೀರಿನಡಿ ಹೋಗಿ ಬರುವುದನ್ನು ಊಹಿಸುತ್ತ ಎಷ್ಟೋ ಹೊತ್ತು ಕೂತಿರುತ್ತೇನೆ. ಮನೆಯಲ್ಲೂ ಇದೇ ನಿಯಮ. "ಚಾ ಉಂಟಾ?" ಎಂದಾಗ ಉತ್ತರ ತೀರ ಬೇಗ ಬಂದರೆ ಗೋಡೆ ಹತ್ತಿರದಲ್ಲಿದೆ ಎಂದರ್ಥ.

ಈ ಗಾಡಿ ತಾನಾಗಿ ಪಾರ್ಕ್ ಆಗುವುದೂ ಉಂಟು. ನಿಂತ ಎರಡು ಗಾಡಿಗಳ ಪಕ್ಕ ನಿಧಾನ ಹಾದುಹೋದರೆ ನಡುವಿನ ಜಾಗವನ್ನು ಅಳೆದು, ಸ್ಟಿಯರಿಂಗನ್ನು ತಾನೇ ತಿರುಗಿಸುತ್ತದೆ. ನಾನು ಕೈ ಮಡಚಿ ಕೂತಿರಬೇಕು, ಯಾರದೋ ಕನಸಿನಲ್ಲಿ ಡ್ರೈವರ್ ಆದವನಂತೆ.

"ಇನ್ನು ನೀನು ಇಳಿಯೋ ಕೆಲ್ಸ ಇಲ್ಲ. ಗಾಡಿಯೇ ಹೇಳ್ತದೆ" ಎಂದೆ ಸುಮಿತ್ರಾಳಿಗೆ. "ಹೌದಾ" ಎಂದಳು. ಅಷ್ಟೇ.

ಅಷ್ಟರಲ್ಲಿ ಶೆಟಗೇರಿಯಿಂದ ಅತ್ತೆಯ ಫೋನು ಬಂತು. "ಹಲಸಿನ ಮರದ ಕಡೇ ಕಾಯಿದು ಹಪ್ಪಳ ಒಣಗೂಕೆ ಹಾಕಿದ್ದೆ, ಬಂದು ತಕಂಡು ಹೋಗಿ. ಮಳೆಗಾಲಕ್ಕೆ ಇರೂದು ಇದೇ."

ಮಧ್ಯಾಹ್ನ ಹೋದೆವು. ಅಂಗಳದಲ್ಲಿ ಗಾಡಿಗೆ ಜಾಗವೇ ಸಿಗಲಿಲ್ಲ. ಅಕ್ಕಪಕ್ಕ ಬೇರೆ ಗಾಡಿಗಳಿದ್ದರೆ ತಾನೇ ನಡುವೆ ಜಾಗ ಇರುವುದು! ಅಷ್ಟು ದೊಡ್ಡ ಬಯಲಿನಲ್ಲಿ ಅದು ಹುಡುಕುತ್ತಲೇ ಇತ್ತು. ಕೊನೆಗೆ ನಾನೇ ರಿವರ್ಸ್ ಹಾಕಿದೆ. ಸೆನ್ಸರ್ ಮಾತಾಡಲಿಲ್ಲ. ತೆಂಗಿನ ನೆರಳು ಗಾಜಿನ ಮೇಲೆ ನಿಧಾನ ಹರಿಯಿತು. ಇಷ್ಟು ನಿಶ್ಚಿಂತೆಯಿಂದ ನಾನು ಹಿಂದಕ್ಕೆ ಸರಿದದ್ದೇ ಇಲ್ಲ. ಒಣಗಿದ ಎಲೆಗಳ ಮೇಲೆ ಯಾರೋ ಮೆಲ್ಲನೆ ನಡೆದಂತೆ ಇಂಪಾದ ಸದ್ದು ಕೇಳಿತು. ಸ್ವಲ್ಪ ಹೊತ್ತು ಕೇಳುತ್ತಲೇ ಇತ್ತು.

ಬಂಪರಿನ ಸದ್ದು ಮೊಣಕಾಲೆತ್ತರದಲ್ಲಿ ಹೋಗುತ್ತದೆ. ನೆಲಕ್ಕಂಟಿದ ಚಾಪೆಯಾಗಲಿ, ಅದರ ಮೇಲಿನ ಹಪ್ಪಳವಾಗಲಿ ಅದರ ಪಾಲಿಗೆ ಇಲ್ಲವೇ ಇಲ್ಲ.

ಅತ್ತೆ ಓಡಿ ಬಂದರು. ಅಳಿಯನನ್ನು ಎದುರಿಗೆ ಬೈಯುವ ರೂಢಿ ಆ ಮನೆಯಲ್ಲಿಲ್ಲ. ಗಾಡಿಯ ಮುಂದೆ ನಿಂತು ಅದನ್ನೇ ಕೇಳಿದರು: "ಅಲ್ವೇ, ಮೈತುಂಬ ಕಣ್ಣು ಇಟ್ಕಂಡಿದ್ಯಂತೆ, ಚಾಪೆ ತುಂಬ ಹಪ್ಪಳ ಕಾಣ್ಲಿಲ್ವೆ ನಿಂಗೆ? ಇನ್ನು ಮರದಲ್ಲಿ ಒಂದು ಕಾಯಿ ಉಂಟನೇ? ನಾಚ್ಕೆ ಆಗೂದಿಲ್ವೆ?"

ಗಾಡಿಯ ಪರವಾಗಿ ನಾನು ಒಳಗೆ ತಲೆ ತಗ್ಗಿಸಿದೆ. "ತಪ್ಪಾಯ್ತು ಅತ್ತೆ" ಎಂದೆ.

"ಛೇ, ನಿಮಗಲ್ಲ ಹೇಳಿದ್ದು. ನೀವು ಕೈಕಾಲು ತೊಳ್ಕಣಿ" ಎಂದು ಮತ್ತೆ ಗಾಡಿಯತ್ತ ತಿರುಗಿದರು.

ಮರಳುವಾಗ ಹಾರವಾಡ ದಾಟಿದೆವು. ಆಮೇಲೆ ಸುಮಿತ್ರಾಳನ್ನು ಕೇಳಿದೆ, "ನಿಂಗೂ ಕಾಣ್ಲಿಲ್ವಾ?"

"ಕಾಣ್ತಿತ್ತು."

"ಮತ್ತೆ ಹೇಳೂದಲ್ವಾ?"

"ಗಾಡಿಯೇ ಹೇಳ್ತದೆ ಅಂದ್ರಲ್ಲ. ನಾನೂ ಕೇಳೂಕೆ ಕೂತಿದ್ದೆ."

ತಾಯಿಯ ಮಳೆಗಾಲವನ್ನೇ ಒತ್ತೆ ಇಟ್ಟು ವಾದ ಗೆದ್ದಿದ್ದಳು. 'ನಿರಾಕರಿಸಲಿಲ್ಲ ಎಂದ ಮಾತ್ರಕ್ಕೆ ಒಪ್ಪಿದರು ಎಂದು ಬರೆಯಬೇಡಿ' ಎಂದು ಎಷ್ಟು ಕಿರಿಯ ವರದಿಗಾರರನ್ನು ಗದರಿದ್ದೇನೋ. ಅವಳ 'ಹೌದಾ' ಎಂಬುದನ್ನು ಒಪ್ಪಿಗೆ ಎಂದು ಬರೆದುಕೊಂಡವನು ನಾನೇ. ತೋಡೂರಿನ ಬಳಿ ಇಳಿಬಿಸಿಲು ಬಂಗಾರದಂತೆ ಹರಡಿತ್ತು. ಅದೂ ನನಗೆ ಹಪ್ಪಳದ ಬಣ್ಣವಾಗಿಯೇ ಕಂಡಿತು.

ಮನೆಯ ಗೇಟಿನಲ್ಲಿ ಗಾಡಿ ನಿಲ್ಲಿಸಿ, ರಿವರ್ಸ್ ಹಾಕಿ ಕಾದೆ. ಸುಮಿತ್ರಾ ಇಳಿಯಲಿಲ್ಲ. ಸೆನ್ಸರ್ ಕೂಡ ಸುಮ್ಮನಿತ್ತು. ನಾನೇ ಇಳಿದು ಹಿಂದೆ ನೋಡಿ ಬಂದು ಕೂತೆ. ಮೊಳದಷ್ಟು ಸರಿಸಿದೆ, ಮತ್ತೆ ಇಳಿದೆ. ಮೂರನೆಯ ಸಲಕ್ಕೆ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, "ಎಂತ ಮಾರಾಯ್ರೇ, ಹೊಸ ಗಾಡಿ ಇಷ್ಟು ಬೇಗ ಹಾಳಾಯ್ತಾ?" ಎಂದರು.

"ಗಾಡಿ ಸರಿ ಇದೆ" ಎಂದು, ನಾಲ್ಕನೆಯ ಸಲ ಇಳಿದೆ.