ಗೋಡೆಯ ಬಾಬ್ತು

ನವೆಂಬರ್ ಹದಿನಾಲ್ಕು, ಶುಕ್ರವಾರ. ಬೆಳಿಗ್ಗೆಯಿಂದ ಹೊಗೆ ಬೆರೆತ ಮಂಜು, ಗಾಳಿ ಇಲ್ಲ. ಮನೆ ಮುಂದಿನ ಗ್ಯಾಲರಿಯಲ್ಲಿ ನಿಂತರೆ ಮುಂಬೈಯ ಬೈಕುಲ್ಲಾ ಸ್ಟೇಷನ್ನಿನ ಸೇತುವೆ ಅರ್ಧ ಮಾತ್ರ ಕಾಣುತ್ತಿತ್ತು.

ಆಫೀಸಿಗೆ ರಜೆ ಹಾಕಿ ಮನೆಯಲ್ಲಿದ್ದೆ. ಊರಿನಿಂದ ಭಾವನ ಫೋನ್ ಬಂತು. ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಕಾರ್ಕಳದ ಹತ್ತಿರ ನಾವು ಹಿಡಿದಿದ್ದ ಬಾಡಿಗೆ ಮನೆಯ ಅಡ್ವಾನ್ಸ್ ಕೊನೆಗೂ ವಾಪಸು ಬಂತು, ಒಂದು ಬಾಬ್ತಿಗೆ ಸ್ವಲ್ಪ ಹಿಡಿದುಕೊಂಡಿದ್ದಾರೆ ಎಂದ. ಯಾವ ಬಾಬ್ತು ಎಂದು ಕೇಳಿದೆ. ಹೇಳಿದ. ಫೋನ್ ಇಟ್ಟ ಮೇಲೆ, ಬಹಳ ದಿನಗಳ ನಂತರ, ನನಗೆ ಗಟ್ಟಿಯಾಗಿ ನಗು ಬಂತು.

ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಹೋಗಬೇಕೆಂದು ಯೋಚನೆ ಶುರು ಮಾಡಿದವರಿಗೆ ಇಂಥವು ಆಗುತ್ತಲೇ ಇರುತ್ತವೆ. ಅಲ್ಲಿಯ ಅಕ್ಕಿ, ಇಲ್ಲಿಯ ಅಕ್ಕಿ, ಅಲ್ಲಿಯ ಗಾಳಿ, ಇಲ್ಲಿಯ ಆಸ್ಪತ್ರೆ ಎಂದು ತೂಗುತ್ತಾ ಕೂತವರು ಸುತ್ತಲಿನವರಿಗೆ ಒಳ್ಳೆಯ ಮನರಂಜನೆ. ಇವನ್ನೆಲ್ಲ ಚೆನ್ನಾಗಿ ಹೇಳಬಲ್ಲವಳು ನನ್ನ ಹೆಂಡತಿ. ಅವಳು ಜುಲೈಯಲ್ಲಿ ತೀರಿಕೊಂಡಳು. ನನಗೆ ಮಾತು ಕಡಿಮೆ. ಆದರೂ ಈಗ ನಾನೇ ಹೇಳಬೇಕಾಗಿದೆ.

ಡಾಕ್ಟರ ಊರು

ಅವಳಿಗೆ ಉಬ್ಬಸ. ಮೊದಲು ಚಳಿಗಾಲಕ್ಕೆ ಮಾತ್ರ ಇತ್ತು, ಆಮೇಲೆ ವರ್ಷವಿಡೀ ಆಯಿತು. ನಮ್ಮದು ಹಳೆಯ ಚಾಳಿನ ಮೂರನೇ ಮಾಳಿಗೆಯಲ್ಲಿ ಒಂದು ಕೋಣೆಯ ಖೋಲಿ. ಮರದ ಮೆಟ್ಟಿಲು, ಲಿಫ್ಟ್ ಇಲ್ಲ. ಕೆಳಗೆ ಖಾರದ ಪುಡಿಯ ಗಿರಣಿ. ಒಣಮೆಣಸಿನ ಕಾಲದಲ್ಲಿ ಅವಳು ಕಿಟಕಿಗೆ ಒದ್ದೆ ಸೀರೆ ಕಟ್ಟಿ ಕೂರುತ್ತಿದ್ದಳು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಇನ್ನು ಔಷಧದ ಕೈಯಲ್ಲಿ ಹೆಚ್ಚೇನಿಲ್ಲ. ಹವೆ ಬದಲಾಯಿಸಿ. ನಿಮ್ಮ ಊರು ಯಾವುದು?" ಎಂದರು.

ಉಡುಪಿ ಕಡೆ ಎಂದೆ.

"ಸಮುದ್ರದ ಗಾಳಿ, ಮರಗಿಡ. ಅದೃಷ್ಟವಂತರು. ತಡ ಮಾಡದೆ ಹೋಗಿಬಿಡಿ," ಎಂದವರು ಕೆಮ್ಮತೊಡಗಿದರು. ಕೆಮ್ಮು ನಿಲ್ಲಲಿಲ್ಲ. ನೀರು ಕುಡಿದರು. ಮತ್ತೆ ಕೆಮ್ಮಿದರು. ಕಣ್ಣಲ್ಲಿ ನೀರು ಬಂತು.

ನನ್ನ ಹೆಂಡತಿ ಬ್ಯಾಗಿನಿಂದ ತನ್ನ ಉಬ್ಬಸದ ಪಂಪು ತೆಗೆದು ಅವರ ಮೇಜಿನ ಮೇಲಿಟ್ಟಳು.

"ನಿಮ್ಮ ಊರು ಯಾವುದು ಡಾಕ್ಟ್ರೇ?"

"ಇಲ್ಲೇ. ಮಝಗಾಂವ್."

"ಪಾಪ," ಎಂದಳು.

ದಿವಸಕ್ಕಾ?

ಭಾವನಿಗೆ ಫೋನ್ ಮಾಡಿದೆವು. ಅವನು ಉತ್ಸಾಹದಿಂದ ಮನೆ ಹುಡುಕಿದ. ವಾರ ಕಳೆಯುವುದರೊಳಗೆ ಒಂದು ಮನೆ ಸಿಕ್ಕಿತು ಎಂದ.

"ಎರಡು ಕೋಣೆ, ಒಂದು ಹಾಲ್, ಬಾವಿ ಉಂಟು, ಪಂಪ್ ಉಂಟು. ಹೊಸ ಬಣ್ಣ. ಬಾಡಿಗೆ ಏಳು ಸಾವಿರ, ಅಡ್ವಾನ್ಸ್ ಐವತ್ತು. ಬೊಂಬಾಯಿಯಲ್ಲಿ ಏಳು ಸಾವಿರಕ್ಕೆ ಎಂತ ಸಿಗ್ತದೆ ಭಾವ? ನೀವೀಗ ಎಷ್ಟು ಕೊಡುದು?"

"ನೂರ ಎಂಬತ್ತು."

"ದಿವಸಕ್ಕಾ?" ಅವನು ಮನಸ್ಸಿನಲ್ಲೇ ಗುಣಿಸಿದ. "ಹಾಗಾದ್ರೆ ಐದು ಸಾವಿರದ ಮೇಲಾಯ್ತು. ಇನ್ನೊಂದು ಎರಡು ಸಾವಿರ ಹಾಕಿದ್ರೆ ಇಲ್ಲಿ ರಾಜನ ಹಾಗೆ ಇರ್ಬಹುದು."

"ದಿವಸಕ್ಕಲ್ಲ. ತಿಂಗಳಿಗೆ."

ಹಳೇ ಮುಂಬೈಯ ಪಗಡಿ ಪದ್ಧತಿಯನ್ನು ವಿವರಿಸಲು ನೋಡಿದೆ. ಸೇರುವಾಗ ಒಮ್ಮೆ ದೊಡ್ಡ ಮೊತ್ತ ಕೊಡಬೇಕು, ಆಮೇಲೆ ಬಾಡಿಗೆ ಹೆಸರಿಗಷ್ಟೆ. ಮನೆ ನಮ್ಮದಲ್ಲ, ಆದರೆ ನಮ್ಮನ್ನು ಎಬ್ಬಿಸುವ ಹಾಗೂ ಇಲ್ಲ. ಬಿಡುವಾಗ ಹೊಸಬರು ಕೊಡುವ ಹಣದಲ್ಲಿ ಮಾಲೀಕನಿಗೂ ಪಾಲು. ಅದೇ ಹಣದ ಮೇಲೆ ನಾವು ಊರಿನ ಜೀವನ ಕಟ್ಟಬೇಕಿತ್ತು. ನನ್ನ ವಿವರಣೆ ಯಾವುದೂ ಭಾವನ ತಲೆಗೆ ಹೋಗಲಿಲ್ಲ.

"ಭಾವ, ನಮ್ಮ ಕೊಟ್ಟಿಗೆ ಬಾಡಿಗೆಗೆ ಕೊಟ್ಟರೂ ಇದಕ್ಕಿಂತ ಹೆಚ್ಚು ಬರ್ತದೆ. ಇಲ್ಲಿ ಯಾರ ಹತ್ರವೂ ಹೇಳ್ಬೇಡಿ. ತಂಗಿಯನ್ನು ಎಲ್ಲಿ ಇಟ್ಟಿದ್ದಾನೆ ಅಂತ ಕೇಳ್ತಾರೆ."

ನನ್ನ ಹೆಂಡತಿ ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಕೊಟ್ಟಿಗೆಗೆ ಕಿಟಕಿ ಉಂಟಾ ಕೇಳಿ," ಎಂದಳು.

ಆ್ಯಪಿನ ತೀರ್ಪು

ನಾನಿರುವುದು ವಿಲೆ ಪಾರ್ಲೆಯ ಒಂದು ಕಾರ್ಗೋ ಏಜೆಂಟನ ಆಫೀಸಿನಲ್ಲಿ. ವಿಮಾನದಲ್ಲಿ ಹೋಗುವ ಪೆಟ್ಟಿಗೆಗಳ ಕಾಗದಪತ್ರ ನೋಡಿಕೊಳ್ಳುವ ಕೆಲಸ. ಅಲ್ಲಿಯ ಒಬ್ಬ ತರುಣ ಸಹೋದ್ಯೋಗಿ, ನಮ್ಮ ವಿಷಯ ತಿಳಿದು, ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟ. ಎರಡು ಊರಿನ ಹೆಸರು ಹಾಕಿದರೆ ಎಲ್ಲಿ ಖರ್ಚು ಎಷ್ಟು, ಎಲ್ಲಿ ಬದುಕು ಸುಖ ಎಂದು ಹೇಳುತ್ತದಂತೆ.

ಆ ಭಾನುವಾರ ಇಬ್ಬರೂ ಕೂತು ಅದರ ಪ್ರಶ್ನೆಗಳಿಗೆ ಉತ್ತರ ಕೊಟ್ಟೆವು. ತಿಂಗಳಿಗೆ ಎಷ್ಟು ಸಲ ಹೊರಗೆ ಊಟ ಮಾಡುತ್ತೀರಿ? ಅವಳು "ಆಸ್ಪತ್ರೆ ಕ್ಯಾಂಟೀನ್ ಲೆಕ್ಕಕ್ಕೆ ಬರ್ತದಾ?" ಎಂದಳು. ಜಿಮ್ ಸದಸ್ಯತ್ವ ಇದೆಯೇ? "ಮೂರು ಮಾಳಿಗೆ ಹತ್ತಿ ಇಳೀತೇನೆ, ಅದು ಹಾಕಿ." ಸಾಕುಪ್ರಾಣಿ? "ಹೆಗ್ಗಣ ಉಂಟು. ಸಾಕಿದ್ದಲ್ಲ."

ಕೊನೆಗೆ ನನ್ನ ಸಂಬಳ ಕೇಳಿತು. ಹಾಕಿದೆ. ಒಂದು ಚಕ್ರ ತಿರುಗಿ ತಿರುಗಿ ಉತ್ತರ ಬಂತು: ಈ ಆದಾಯದಲ್ಲಿ ಇಬ್ಬರು ಮುಂಬೈಯಲ್ಲಿ ಬದುಕಲು ಸಾಧ್ಯವಿಲ್ಲ.

ಇಪ್ಪತ್ತಾರು ವರ್ಷದಿಂದ ನಾವು ಇಲ್ಲೇ ಬದುಕಿದ್ದೆವು.

"ಹಾಗೆ ಹೇಳಿ ಮತ್ತೆ," ಎಂದಳು ಅವಳು. "ನನಗೆ ಉಸಿರು ಯಾಕೆ ಸಿಗುದಿಲ್ಲ ಅಂತ ಈಗ ಗೊತ್ತಾಯ್ತು."

ನೀರು ಹೋಗ್ತದೆ

ಒಂದು ತಿಂಗಳು ಇದ್ದು ನೋಡೋಣ, ಆಮೇಲೆ ಇಲ್ಲಿಯ ಖೋಲಿ ಬಿಡೋಣ ಎಂದು ತೀರ್ಮಾನಿಸಿದೆವು. ಅಡ್ವಾನ್ಸ್ ಕಟ್ಟಿ, ಏಪ್ರಿಲ್‌ನಲ್ಲಿ ಹೋದೆವು.

ಮನೆ ಭಾವ ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಹಿಂದುಗಡೆ ಗೇರುಮರ, ಆಚೆಗೆ ಬಯಲು. ಮನೆಯ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ಪಕ್ಕದ ದೊಡ್ಡ ಮನೆಯಲ್ಲಿ ಅವರು ಮತ್ತು ಅವರ ಹೆಂಡತಿ. ಗೋಡೆಗೆಲ್ಲ ಹೊಸ ಪುಟ್ಟಿ ಹಚ್ಚಿಸಿ ಬಿಳಿ ಬಣ್ಣ ಹೊಡೆಸಿದ್ದರು. "ಮೊಳೆ ಮಾತ್ರ ಹೊಡೀಬಾರ್ದು," ಎಂದು ಕೀಲಿಕೈ ಕೊಡುವಾಗಲೇ ಹೇಳಿದ್ದರು.

ಬೈಕುಲ್ಲಾದಲ್ಲಿ ನೀರು ಬರುವುದು ಬೆಳಿಗ್ಗೆ ಐದಕ್ಕೆ, ಒಂದು ತಾಸು. ಇಲ್ಲಿ ನಲ್ಲಿ ತಿರುಗಿಸಿದರೆ ಯಾವಾಗಲೂ ನೀರು. ಅದು ನಮಗೆ ಗೊತ್ತಿತ್ತು. ನಮ್ಮ ಕೈಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಐದಕ್ಕೆ ಇಬ್ಬರಿಗೂ ಎಚ್ಚರ. ಬಕೆಟ್, ಕೊಡ, ಕುಕ್ಕರ್, ಹಾಲಿನ ಪಾತ್ರೆ, ಎಲ್ಲ ತುಂಬಿಸಿ ಮುಚ್ಚಿಟ್ಟೆವು.

ಮಲ್ಲಿಗೆ ಕೊಡಲು ಬಂದ ಯಜಮಾನರ ಹೆಂಡತಿ ಅಡಿಗೆಕೋಣೆ ನೋಡಿ ನಿಂತರು.

"ಎಂತ, ಮನೆಯಲ್ಲಿ ಕಾರ್ಯಕ್ರಮ ಉಂಟಾ?"

"ಇಲ್ಲಪ್ಪ. ನೀರು ಹೋಗ್ತದಲ್ಲ, ಅದಕ್ಕೆ ಹಿಡಿದಿಟ್ಟದ್ದು," ಎಂದಳು ನನ್ನ ಹೆಂಡತಿ.

ಅವರು ಕಿಟಕಿಯಿಂದ ಬಾವಿ ನೋಡಿದರು. ಮತ್ತೆ ನಮ್ಮನ್ನು ನೋಡಿದರು.

"ಎಲ್ಲಿಗೆ ಹೋಗ್ತದೆ?"

ಗೋಡೆ

ಗೋಡೆಯ ವಿಷಯಕ್ಕೆ ಮೊದಲು ಬೈಕುಲ್ಲಾದ ಪಕ್ಕದ ಖೋಲಿಯ ಅಕ್ಕನ ವಿಷಯ ಹೇಳಬೇಕು. ಜಮಖಂಡಿ ಕಡೆಯವಳು, ಗಂಡನಿಲ್ಲ, ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಾಳೆ. ನಮಗೂ ಅವಳಿಗೂ ನಡುವೆ ಒಂದು ತೆಳು ಗೋಡೆ. ನನ್ನ ಹೆಂಡತಿಗೆ ಕೆಮ್ಮು ಬಂದರೆ ಅಲ್ಲಿ ಕೇಳುತ್ತಿತ್ತು. ಮೊದಮೊದಲು ಅಕ್ಕ, ಸೊಪ್ಪು ಹೆಚ್ಚುವ ಚಾಕುವಿನ ಸಮೇತ ಓಡಿ ಬರುತ್ತಿದ್ದಳು. ಚಾಕು ನೋಡಿ ಇವಳ ಉಸಿರು ಇನ್ನಷ್ಟು ಕಟ್ಟುತ್ತಿತ್ತು. ಕೊನೆಗೆ ಇಬ್ಬರೂ ಒಂದು ಏರ್ಪಾಡು ಮಾಡಿಕೊಂಡರು. ಕೆಮ್ಮು ನಿಂತ ಮೇಲೆ ಇವಳು ಸ್ಟೀಲ್ ಲೋಟದಿಂದ ಗೋಡೆಗೆ ಒಂದು ಸಲ ಬಡಿಯಬೇಕು. ಬದುಕಿದ್ದೇನೆ ಎಂದರ್ಥ. ಆ ಕಡೆಯಿಂದ ಎರಡು ಸಲ ಬಡಿದರೆ, ಸರಿ, ಕೇಳಿತು ಎಂದರ್ಥ. ಹನ್ನೆರಡು ವರ್ಷ ಹೀಗೆ ನಡೆಯಿತು.

ಊರಿನ ಮನೆಯಲ್ಲಿ ಕೆಮ್ಮು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಮಧ್ಯಾಹ್ನ ಮಲಗಿದ್ದವಳಿಗೆ ಒಮ್ಮೆ ಬಂತು. ನಿಂತ ಮೇಲೆ ಲೋಟ ತೆಗೆದು ಹೊಸ ಪುಟ್ಟಿಯ ಗೋಡೆಗೆ ಬಡಿದಳು. ಬಡಿದು, ಕಾದಳು. ಗೋಡೆಯ ಆಚೆ ಗೇರುಮರ.

ಆಮೇಲೆ ತನಗೇ ನಗು ಬಂದು, "ಅಭ್ಯಾಸ ಮಾರಾಯ್ರೆ," ಎಂದಳು. ಆದರೆ ನಿಲ್ಲಿಸಲಿಲ್ಲ. ಪ್ರತಿ ಸಲ ಬಡಿಯುತ್ತಿದ್ದಳು, ಪ್ರತಿ ಸಲ ಒಂದು ಗಳಿಗೆ ಕಾಯುತ್ತಿದ್ದಳು. ಆ ಕಾಯುವುದನ್ನು ನೋಡಲು ನನಗಾಗಲಿಲ್ಲ. ಒಂದು ದಿನ ಅವಳು ಬಡಿದ ಕೂಡಲೇ ಹಿಂಬಾಗಿಲಿನಿಂದ ಹೊರಗೆ ಹೋಗಿ, ಮರದ ಬುಡದಲ್ಲಿ ನಿಂತು, ಒಂದು ಕಲ್ಲಿನಿಂದ ಗೋಡೆಗೆ ಎರಡು ಸಲ ಬಡಿದೆ.

ಒಳಗಿನಿಂದ ಅವಳ ದನಿ ಬಂತು: "ಒಳಗೆ ಬನ್ನಿ. ಸೊಳ್ಳೆ ಕಚ್ತದೆ."

ಅಂದಿನಿಂದ ಅವಳು ಒಳಗೆ, ನಾನು ಹೊರಗೆ. ಎರಡೇ ದಿನದಲ್ಲಿ ಯಜಮಾನರು ಬಂದರು. ಒಳಗಿನ ಗುರುತು ನೋಡಿದರು, ಹೊರಗೆ ಹೋಗಿ ಅಲ್ಲಿಯದನ್ನೂ ನೋಡಿದರು.

"ಮೊಳೆ ಹೊಡೀಬಾರ್ದು ಅಂತ ಮಾತಾಗಿತ್ತಲ್ಲ?"

"ಮೊಳೆ ಅಲ್ಲ," ಎಂದೆ.

"ಮತ್ತೆ ಎಂತ ಶಬ್ದ ಅದು, ದಿನಾ?"

ಅವಳು ಮಂಚದಿಂದಲೇ ಹೇಳಿದಳು: "ನಾನು ಉಸಿರಾಡುದು ಮಾರಾಯ್ರೆ. ಸ್ವಲ್ಪ ದೊಡ್ಡ ಶಬ್ದ ಬರ್ತದೆ."

ಗಿರಾಕಿ

ತಿಂಗಳ ಕೊನೆಗೆ ಅವಳು ಎಲ್ಲೂ ನಿಲ್ಲದೆ ಗೇಟಿನವರೆಗೆ ಹೋಗಿ ಬಂದಳು. ಬೈಕುಲ್ಲಾದಲ್ಲಿ ಅದು ಕನಸು. ಇನ್ನೇನು ತೂಗುವುದು? ಆಸ್ಪತ್ರೆ ದೂರ, ಬಸ್ಸು ಕಡಿಮೆ, ನನ್ನ ಸಂಬಳ ನಿಲ್ಲುತ್ತದೆ. ಆದರೂ ಹೋಗೋಣ ಎಂದಳು. ಖೋಲಿ ಬಿಟ್ಟ ಹಣ ಬಂದರೆ ಹೇಗೋ ಸಾಗುತ್ತದೆ. ಅದನ್ನು ಮುಗಿಸಲೆಂದು ಮೇ ತಿಂಗಳಲ್ಲಿ ಮುಂಬೈಗೆ ವಾಪಸು ಬಂದೆವು. ಮಳೆಗೆ ಮೊದಲು ಹೊರಡಬೇಕೆಂದಿತ್ತು.

ಅಕ್ಕನಿಗೆ ವಿಷಯ ಹೇಳಿದಾಗ ಅವಳು, "ಚಲೋ ಆತು. ಗಾಳಿ ಚಲೋ ಇದ್ದಲ್ಲೆ ಇರಬೇಕು," ಎಂದು ಒಂದು ಕಟ್ಟು ಮೆಂತ್ಯೆ ಇಟ್ಟು ಹೋದಳು.

ದಲ್ಲಾಳಿ ಗಿರಾಕಿಗಳನ್ನು ಕರೆತರತೊಡಗಿದ. ಕೆಮ್ಮು ಕೇಳಿದರೆ ರೇಟು ಇಳಿಯುತ್ತದೆಂದು ಅವರು ಬಂದಾಗ ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಕೂರುತ್ತಿದ್ದಳು. ಬಂದವರು ಬಂದಷ್ಟೇ ಬೇಗ ಹೋಗುತ್ತಿದ್ದರು. ಒಪ್ಪಿದವರೂ ಮಾರನೇ ದಿನ ಫೋನ್ ಎತ್ತುತ್ತಿರಲಿಲ್ಲ. ಜೂನ್ ಹೀಗೇ ಹೋಯಿತು. ಮಳೆ ಹಿಡಿಯಿತು, ಗೋಡೆಗಳು ತೇವಗೊಂಡವು, ಅವಳು ಮಂಚ ಬಿಟ್ಟು ಏಳುವುದು ನಿಂತಿತು.

ಕೊನೆಗೆ ದಲ್ಲಾಳಿಯೇ ಪತ್ತೆ ಹಚ್ಚಿದ. ಪ್ರತಿ ಗಿರಾಕಿ ಇಳಿದು ಹೋಗುವಾಗ ಅಕ್ಕ ಸೊಪ್ಪಿನ ಬುಟ್ಟಿ ಹಿಡಿದು ಮೆಟ್ಟಿಲ ತಿರುವಿನಲ್ಲಿ ಕೂತಿರುತ್ತಿದ್ದಳು.

"ಖೋಲಿ ಭಾಳ ಚಲೋ ಐತ್ರೀ," ಎನ್ನುತ್ತಿದ್ದಳಂತೆ ಅರ್ಧ ಹಿಂದಿಯಲ್ಲಿ. "ಅದರಾಗ ಮೂರ ಮಂದಿ ಸತ್ತಾರ. ಮೂರೂ ಮಂದಿ ಸಮಾಧಾನಲೇ ಸತ್ತಾರ."

ನನ್ನ ಹೆಂಡತಿಗೆ ಹೇಳಿದೆ. ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಅವಳು ಲೋಟ ತೆಗೆದು ಗೋಡೆಗೆ ಒಂದು ಸಲ ಬಡಿದಳು. ಆ ಕಡೆಯಿಂದ ತಕ್ಷಣ ಎರಡು ಸಲ ಬಂತು.

"ಸುಳ್ಳಿ," ಎಂದಳು ನಗುತ್ತಾ.

ಸುಳ್ಳೇ. ಆವರೆಗೆ ನಮ್ಮ ಖೋಲಿಯಲ್ಲಿ ಯಾರೂ ಸತ್ತಿರಲಿಲ್ಲ.

ಬಾಬ್ತು

ಇಂದು ಭಾವನ ಫೋನ್ ಇಟ್ಟು ನಾನು ನಕ್ಕೆನಲ್ಲ, ಬಾಗಿಲು ದಡಾರನೆ ತೆರೆಯಿತು. ಅಕ್ಕ, ಕೈಯಲ್ಲಿ ಚಾಕು, ಚಾಕುವಿಗೆ ಕೊತ್ತಂಬರಿ ಅಂಟಿಕೊಂಡಿತ್ತು.

"ಏನಾತೋ ತಮ್ಮಾ? ಏನೋ ಸಪ್ಪಳಾತು."

"ನಕ್ಕೆ, ಅಕ್ಕ."

"ನೀನ?"

"ನಾನೇ."

ಚಾಕು ಕಿಟಕಿಯಲ್ಲಿಟ್ಟು ಕೂತಳು. "ಹಂಗಾರ ಡಾಕ್ಟರ್ ಬ್ಯಾಡ. ಏನ್ ವಿಷಯ?"

"ಊರಿನ ಮನೆ ಅಡ್ವಾನ್ಸ್ ಬಂತು."

"ಪೂರಾ ಬಂತೇನು?"

"ಇಲ್ಲ. ಗೋಡೆಯ ಬಾಬ್ತು ಹಿಡಿದುಕೊಂಡಿದ್ದಾರೆ. ಒಳಗೆ ಅವಳು ಬಡಿದದ್ದು, ಹೊರಗೆ ನಾನು ಬಡಿದದ್ದು. ಪುಟ್ಟಿ, ಬಣ್ಣ, ಕೂಲಿ."

ಊರಿನಲ್ಲಿ ಬಡಿಯುತ್ತಿದ್ದ ಕತೆಯನ್ನು ನಾವು ಅವಳಿಗೆ ಹೇಳಿರಲಿಲ್ಲ. ಈಗ ಹೇಳಿದೆ. ಅಕ್ಕ ತಿರುಗಿ ನಮ್ಮಿಬ್ಬರ ಖೋಲಿಗಳ ನಡುವಿನ ಗೋಡೆ ನೋಡಿದಳು. ಮಂಚದ ತಲೆಯ ಹತ್ತಿರ, ಲೋಟ ಬೀಳುತ್ತಿದ್ದಲ್ಲಿ, ತಟ್ಟೆಯಗಲ ಗಾರೆ ಉದುರಿ ಇಟ್ಟಿಗೆ ಕಾಣುತ್ತದೆ.

"ಅಲ್ಲೆ ಎರಡ ಸರತಿ ಯಾರು ಬಡೀತಿದ್ರು? ನೀನ?"

"ಹೌದು. ಹೊರಗೆ ನಿಂತು."

"ಹುಚ್ಚ," ಎಂದಳು. ಮೂಗು ಒರೆಸಿಕೊಂಡಳು. "ಎಷ್ಟ ಹಿಡಕೊಂಡಾರ?"

"ಸಾವಿರ."

"ಒಂದ ತಿಂಗಳಿಗೆ ಸಾವಿರ?"

"ಒಂದು ತಿಂಗಳಿಗೆ."

ಅಕ್ಕ ಎದ್ದು ಚಾಕು ತೆಗೆದುಕೊಂಡಳು. ಬಾಗಿಲವರೆಗೆ ಹೋಗಿ ನಿಂತಳು.

"ಹನ್ನೆರಡ ವರ್ಷ ಆಕಿ ನನ್ನ ಗ್ವಾಡಿ ಬಡದಾಳ," ಎಂದಳು. "ನೀ ಓದಿದಾಂವ ಇದ್ದಿ, ಲೆಕ್ಕಾ ಮಾಡಿ ಹೇಳು ತಮ್ಮಾ. ನನಗೆಷ್ಟ ಬರಬೇಕು?"