ಶರಣಮ್ಮನ ಓಟು ಹುಮನಾಬಾದಿನಲ್ಲಿ

ನಮ್ಮ ಭಾಗದ ಹಳೆಯ ಲೋಕಸಭಾ ಕ್ಷೇತ್ರದ ಇತಿಹಾಸದ ಮೇಲೆ ನಾಲ್ಕು ಮಾತು ಹೇಳಬೇಕೆಂದು ಬಸವಕಲ್ಯಾಣದ ಗೆಳೆಯರೊಬ್ಬರು ನನಗೆ ಗಂಟು ಬಿದ್ದಿದ್ದಾರೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವನಿಗೆ ಗೊತ್ತಿಲ್ಲದ ವಿಷಯದ ಮೇಲೆ ಮಾತಾಡುವುದೇನೂ ಕಷ್ಟವಲ್ಲ. ಆದರೂ ನಿಜ ಹೇಳಿಬಿಡುತ್ತೇನೆ: ಯಾರು ಗೆದ್ದರು, ಯಾರು ಠೇವಣಿ ಕಳೆದುಕೊಂಡರು, ಯಾವ ಹಳ್ಳಿ ಯಾವಾಗ ಯಾವ ಕಡೆಗೆ ಸೇರಿತು, ಒಂದೂ ನೆನಪಿಲ್ಲ. ನಾವು ನಿಜಾಮನ ಸೀಮೆಯಲ್ಲಿ ಹುಟ್ಟಿ, ಹೈದರಾಬಾದ್ ರಾಜ್ಯದಲ್ಲಿ ನೌಕರಿ ಹಿಡಿದು, ಐವತ್ತಾರರಲ್ಲಿ ಕೂತ ಕುರ್ಚಿಯಿಂದ ಏಳದೆಯೇ ಮೈಸೂರು ರಾಜ್ಯಕ್ಕೆ ಬಂದವರು. ನಕಾಶೆಯ ಗೆರೆಗಳು ಅತ್ತಿತ್ತ ಸರಿದಾಗ ಹಳೆಯ ಕ್ಷೇತ್ರವೂ ಹೋಯಿತು. ಈ ಸೀಮೆಯಲ್ಲಿ ನನಗೆ ಪೂರ್ತಿ ಇತಿಹಾಸ ಗೊತ್ತಿರುವುದು ಒಂದೇ ಒಂದು ಓಟಿನದು. ಅದು ನನ್ನ ಹೆಂಡತಿಯದು.

ಶರಣಮ್ಮನ ತವರು ಹುಮನಾಬಾದ್. ನಮ್ಮ ಮದುವೆಯೂ ಐವತ್ತಾರರಲ್ಲೇ ಆಯಿತು. ಹೆಣ್ಣು ನೋಡಲು ಹೋದಾಗ ಮಾವನವರು ಹುಡುಗಿಗೆ ಹದಿನೆಂಟು ಎಂದಿದ್ದರು. ಅದೇ ಸುಮಾರಿಗೆ ಮತದಾರರ ಪಟ್ಟಿಯವರು ಬಂದರೆ, ಆಗ ಓಟಿಗೆ ಬೇಕಿದ್ದ ಇಪ್ಪತ್ತೊಂದು ಎಂದು ಬರೆಸಿದ್ದರು. ಎರಡರಲ್ಲಿ ಯಾವುದು ಖರೆ ಎಂದು ನಾನು ಇವತ್ತಿಗೂ ಕೇಳಿಲ್ಲ, ಧೈರ್ಯ ಸಾಲದು. ಮರುವರ್ಷವೇ ಚುನಾವಣೆ. ಆಗೆಲ್ಲ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಪರದೆಯ ಹಿಂದೆ ಹೋಗಿ, ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು. ನಮ್ಮ ಅತ್ತೆಯವರು ಒಳಗೆ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲವಂತೆ. ಎಲ್ಲ ಪೆಟ್ಟಿಗೆಗಳಿಗೂ ಕುಂಕುಮ ಹಚ್ಚಿ, ಕೈಮುಗಿದು, ಚೀಟಿಯನ್ನು ಸಮನಾಗಿ ಹರಿದು, ಒಂದೊಂದರಲ್ಲಿ ಒಂದೊಂದು ಚೂರು ಹಾಕಿ ಬಂದಿದ್ದರು. "ಎಲ್ಲಾರೂ ಮನಿ ಬಾಗಿಲಿಗಿ ಬಂದು ಕೈ ಮುಗದಾರ. ಒಬ್ಬರಿಗಿ ಕೊಟ್ಟು ಒಬ್ಬರಿಗಿ ಬಿಟ್ಟರ ಹ್ಯಾಂಗ?" ಎಂಬುದು ಅವರ ನ್ಯಾಯ. ಪ್ರಜಾಪ್ರಭುತ್ವದಲ್ಲಿ ಇಷ್ಟು ಸಮಾನತೆಯನ್ನು ನಾನು ಮತ್ತೆಲ್ಲೂ ಕಾಣಲಿಲ್ಲ.

ಮದುವೆಯಾಗಿ ಇಲ್ಲಿಗೆ, ನಮ್ಮ ಬಸವಕಲ್ಯಾಣಕ್ಕೆ, ಬಂದಮೇಲೂ ಶರಣಮ್ಮನ ಹೆಸರು ಹುಮನಾಬಾದಿನ ಪಟ್ಟಿಯಲ್ಲೇ ಉಳಿಯಿತು. ಪಂಚಮಿಗೆ ತವರಿಗೆ ಕಳಿಸಬೇಕಾದರೆ ಹತ್ತು ಕೊಂಕು ತೆಗೆಯುತ್ತಿದ್ದ ನಮ್ಮವ್ವ, ಚುನಾವಣೆ ಬಂದು ಸೊಸೆ "ಸರ್ಕಾರದ ಹುಕುಂ ಅದರಿ ಅತ್ತಿ" ಅಂದೊಡನೆ ತೆಪ್ಪಗಾಗುತ್ತಿದ್ದಳು. ನಿಜಾಮನ ಅಮಲ್ದಾರರನ್ನು ಕಂಡ ಜೀವ. ಸರ್ಕಾರವೆಂದರೆ ಎದೆ ಝಲ್ಲೆನ್ನುತ್ತಿತ್ತು. ಶರಣಮ್ಮ ಓಟಿಗೆ ಮೂರು ದಿನ ಮೊದಲೇ ಹೋಗಿ, ನಾಲ್ಕು ದಿನ ಬಿಟ್ಟು ಬರುತ್ತಿದ್ದಳು. ಒಂದು ಓಟು ಹಾಕಲು ಎಂಟು ದಿನ! ಅಷ್ಟೂ ದಿನ ಒಲೆಯ ಮುಂದೆ ನಾನು. ಒಮ್ಮೆ ನಾನು ಬಡಿದ ಜೋಳದ ರೊಟ್ಟಿಯನ್ನು ಎಮ್ಮೆಗೆ ಹಾಕಿದರೆ ಅದು ಮೂಸಿ ನೋಡಿ, ಮುಖ ತಿರುಗಿಸಿತು.

ನನ್ನ ಸಿಟ್ಟು ತೀರಿಸಿಕೊಳ್ಳಲು ಸಂದರ್ಭವೊಂದು ಒದಗಿತು. ಮನೆಮನೆಗೆ ಹೋಗಿ ಮತದಾರರ ಪಟ್ಟಿ ಬರೆಯುವ ಕೆಲಸ ಯಾವಾಗಲೂ ಮಾಸ್ತರರ ಕೊರಳಿಗೇ. ಆ ವರ್ಷ ನಮ್ಮ ಓಣಿ ನನ್ನ ಪಾಲಿಗೇ ಬಂತು. ಓಣಿಯೆಲ್ಲ ಮುಗಿಸಿ, ಬಗಲಲ್ಲಿ ರಿಜಿಸ್ಟರ್ ಹಿಡಿದು ನನ್ನ ಮನೆಯ ಬಾಗಿಲಲ್ಲೇ ನಿಂತು, "ಮನೆಯಲ್ಲಿ ಓಟು ಇರುವವರು ಯಾರ್ಯಾರು?" ಎಂದು ಗತ್ತಿನಿಂದ ಕೇಳಿದೆ. ಎದುರು ಮನೆಯ ಟೇಲರ್ ಮಹಬೂಬ್‌ಮಿಯಾ ಮಷಿನ್ನು ನಿಲ್ಲಿಸಿ ತಮಾಷೆ ನೋಡತೊಡಗಿದ.

"ನಿಮ್ಮದು ಬರಕೋರಿ, ಅತ್ತೀದು ಬರಕೋರಿ," ಎಂದಳು ಶರಣಮ್ಮ. "ನಂದು ಹುಮನಾಬಾದಿನಾಗ ಅದ."

"ಯಾವ ಮನೆಯಲ್ಲಿ ವಾಸವೋ ಅಲ್ಲೇ ಓಟು. ಕಾನೂನು ಹಾಗಿದೆ."

"ನಮ್ಮಪ್ಪ ನಿಮಗ ಹೆಣ್ಣು ಕೊಟ್ಟಾರ. ಓಟು ಕೊಟ್ಟಿಲ್ಲ."

ಮಹಬೂಬ್‌ಮಿಯಾ "ವಾಹ್ ಭಾಬಿ!" ಎಂದು ತೊಡೆ ತಟ್ಟಿದ. ನನಗೆ ಮೈಯೆಲ್ಲ ಉರಿಯಿತು. ಶರಣಮ್ಮ ಒಳಗೆ ಹೋದೊಡನೆ ಅವಳ ಹೆಸರನ್ನು ಬಸವಕಲ್ಯಾಣದ ಪಟ್ಟಿಗೆ ದುಂಡಗೆ ಬರೆದೆ. ಅಷ್ಟಕ್ಕೇ ಬಿಡದೆ ಹುಮನಾಬಾದಿನದನ್ನು ತೆಗೆದುಹಾಕಲು ಅರ್ಜಿಯನ್ನೂ ಕಳಿಸಿದೆ. ಕಾನೂನು ನನ್ನ ಕಡೆಗಿತ್ತು. ಆದರೆ ಆ ವಿಷಯವನ್ನು ಹೆಂಡತಿಗೆ ತಿಳಿಸುವಷ್ಟು ಎದೆಗಾರಿಕೆ ಕಾನೂನು ಕೊಡಲಿಲ್ಲ.

ಚುನಾವಣೆ ಬಂತು. ಶರಣಮ್ಮ ಎಂದಿನಂತೆ ಮೂರು ದಿನ ಮೊದಲೇ ಹೊರಟಳು. ನನಗೆ ಡ್ಯೂಟಿ ಬಿತ್ತು, ಎಲ್ಲಿ ಅಂತೀರಿ? ಹುಮನಾಬಾದ್, ಅದೂ ನನ್ನ ಅತ್ತೆಮನೆಯ ಓಣಿಯ ಮತಗಟ್ಟೆ. ಪಟ್ಟಿಯಲ್ಲಿ ಹೆಸರು ಹುಡುಕಿ ಕೂಗುವ ಕೆಲಸ ನನ್ನದು. ಹತ್ತು ಗಂಟೆಯ ಹೊತ್ತಿಗೆ ಮಾವನವರು ಬಿಳಿ ಪಟಕಾ ಸುತ್ತಿಕೊಂಡು ಬಂದರು. ಅವರ ಬೆನ್ನಿಗೆ ನಾಲ್ವರು ಹೆಣ್ಣುಮಕ್ಕಳು, ವಯಸ್ಸಿನ ಪ್ರಕಾರ ಸಾಲಾಗಿ: ಭಾಲ್ಕಿಗೆ ಕೊಟ್ಟವಳು, ಆಳಂದಕ್ಕೆ ಕೊಟ್ಟವಳು, ಚಿಂಚೋಳಿಗೆ ಕೊಟ್ಟವಳು, ಕೊನೆಗೆ ನನಗೆ ಕೊಟ್ಟವಳು. ಹೊಸ ಸೀರೆ, ತಲೆತುಂಬ ಹೂವು, ಒಬ್ಬರನ್ನೊಬ್ಬರು ತಿವಿಯುವುದು, ನಗುವುದು. ಮೂವರು ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಮುಂದೆ ಹೋದರು. ನಾಲ್ಕನೆಯ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿತ್ತು.

"ಏನಾಗ್ಯದರಿ ಮಾಸ್ತರ್ರ?" ಎಂದರು ಮಾವನವರು.

"ಹೆಸರು... ಬಸವಕಲ್ಯಾಣಕ್ಕೆ ಹೋಗಿದೆ."

"ತಾನಾಗೇ ಹೋಗಲಾಕ ಅದಕ್ಕೇನು ಕಾಲು ಅವ? ಯಾವ ಹುಚ್ಚ ಬರದಾನ?"

ಶರಣಮ್ಮ ನನ್ನನ್ನೊಮ್ಮೆ ನೋಡಿದಳು. ಅವಳಿಗೆ ಎಲ್ಲ ತಿಳಿದುಹೋಯಿತು. "ಇರಲಿ ಬಿಡಪ್ಪಾ, ಯಾರೋ ಭಾಳ ಶಾಣ್ಯಾ ಮಾಸ್ತರ ಇರಬೇಕು," ಎಂದಳು.

ಭಾಲ್ಕಿಯ ಅಕ್ಕ ಅಲ್ಲೇ ಗೊಣಗಿದಳು: "ಪಂಚಮಿಗಿ ನನಗ ಕಳಸಿದರ ಇಕೀಗಿ ಕಳಸಲ್ಲ, ಇಕೀಗಿ ಕಳಸಿದರ ನನಗ ಕಳಸಲ್ಲ. ನಾಕೂ ಮಂದಿ ಕೂಡೋದು ಓಟಿನ ದಿನಾನೇ. ಅದಕ್ಕೂ ಕಲ್ಲು ಹಾಕಿದ್ರು." ಹೊರಗೆ ಬೇವಿನ ಮರದ ಕೆಳಗೆ ಮೂವರೂ ಬೆರಳು ತೋರಿಸಿಕೊಂಡು ನಗುತ್ತಿದ್ದಾಗ ಶರಣಮ್ಮ ತನ್ನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಹದಿನೈದು ವರ್ಷ ಜೊತೆಗೆ ಬಾಳಿದರೂ ಅವಳು ಓಟಿಗೆ ಯಾಕೆ ಅಷ್ಟು ಸಡಗರದಿಂದ ಹೋಗುತ್ತಾಳೆಂದು ಒಮ್ಮೆಯೂ ಕೇಳಿರಲಿಲ್ಲ ನಾನು.

ಸಂಜೆ ಪೆಟ್ಟಿಗೆಗೆ ಅರಗು ಹಾಕಿ ಒಪ್ಪಿಸಿದ ಮೇಲೆ ನೆಟ್ಟಗೆ ಶರಣಮ್ಮನ ತಮ್ಮ ವೀರಶೆಟ್ಟಿಯ ಹತ್ತಿರ ಹೋದೆ. ಅವನೂ ಮಾಸ್ತರ, ಹುಮನಾಬಾದಿನ ಆ ಓಣಿಯ ಪಟ್ಟಿ ಬರೆಯುವವನು ಅವನೇ. "ಮುಂದಿನ ಸಲ ನಿಮ್ಮಕ್ಕನ ಹೆಸರು ಇಲ್ಲೇ ಹಾಕಪ್ಪ, ಅಲ್ಲಿಯದನ್ನು ನಾನು ತೆಗೆಸುತ್ತೇನೆ," ಎಂದು ಬೇಡಿಕೊಂಡೆ. "ಕಾನೂನು?" ಎಂದ. "ಕಾನೂನಿಗೆ ಅಕ್ಕತಂಗಿಯರಿಲ್ಲ," ಎಂದೆ. ಅವನು ನಕ್ಕು ಒಪ್ಪಿಕೊಂಡ. ಕೆಂಪು ಗೆರೆಯಿಂದ ಬಿಡುಗಡೆಯಾದ ಹೆಸರು ತವರಿಗೆ ಮರಳಿತು. ನಾನು ಮತ್ತೆ ಒಲೆಯ ಮುಂದೆ ಕೂತೆ, ಈ ಸಲ ಗೊಣಗದೆ.

ಇಷ್ಟು ವರ್ಷ ಮಂದಿಯ ಓಟು ಹಾಕಿಸುವುದರಲ್ಲೇ ನನ್ನದು ಹಾಕಲು ಆಗಿರಲಿಲ್ಲ. ಪ್ರತಿ ಸಲವೂ ಡ್ಯೂಟಿ. ಎಂಬತ್ತರ ದಶಕದಲ್ಲಿ ನಿವೃತ್ತನಾದ ಮೇಲೆ ಮೊದಲ ಚುನಾವಣೆ ಬಂತು. "ಈ ಸಲ ನೀವೂ ಹುಮನಾಬಾದಿಗಿ ಬರ್ರಿ," ಎಂದಳು ಶರಣಮ್ಮ. "ನನ್ನ ಓಟು ನನ್ನ ಊರಲ್ಲಿ," ಎಂದು ಮೀಸೆ ತಿರುವಿದೆ. ಓಟಿನ ದಿನ ಇಸ್ತ್ರಿ ಮಾಡಿದ ಧೋತರ ಉಟ್ಟು ಮತಗಟ್ಟೆಗೆ ಹೋದೆ. ಪಟ್ಟಿ ಹಿಡಿದು ಕೂತವನು ನನ್ನ ಶಿಷ್ಯನೇ. ಮೂರು ಸಲ ತಿರುವಿ ಹಾಕಿ, "ಸರ್, ನಿಮ್ಮ ಹೆಸರು ಇಲ್ಲರಿ," ಎಂದ.

ಸಿಕ್ಕ ಬಸ್ಸು ಹಿಡಿದು ಹುಮನಾಬಾದಿಗೆ ಓಡಿದೆ. ವೀರಶೆಟ್ಟಿ ತಲೆ ಕೆರೆದುಕೊಂಡ. "ಅಕ್ಕ ಹೋದ ವರ್ಷ ನಿಮ್ಮದೂ ಬರಸ್ಯಾಳರಿ ಬಾವಾ. ಅಲ್ಲೀದು ತೆಗಸಲಾಕ ಅರ್ಜೀನೂ ಕಳಸ್ಯಾಳ. 'ಅವರು ನಂದು ಕೇಳದೇ ಒಯ್ದಿದ್ರು, ನಾ ಅವರದು ಕೇಳದೇ ತಂದೀನಿ' ಅಂದಳು."

ಆವತ್ತು ನಾಲ್ವರು ಅಕ್ಕತಂಗಿಯರ ಹಿಂದೆ, ಸಾಲಿನ ಕಟ್ಟಕಡೆಗೆ ನಿಂತು ಜೀವನದ ಮೊದಲ ಓಟು ಹಾಕಿದೆ. ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಮಾವನ ಮನೆಯ ನಂಬರು. ಮನೆಅಳಿಯ ಎನಿಸಿಕೊಳ್ಳದೆ ಮೂವತ್ತು ವರ್ಷ ಮಾನ ಕಾಪಾಡಿಕೊಂಡು ಬಂದವನನ್ನು ಸರ್ಕಾರವೇ ಮೊಹರು ಒತ್ತಿ ಮನೆಅಳಿಯನನ್ನಾಗಿ ಮಾಡಿತ್ತು. "ಬಂದೀರಿ, ನಾಕು ದಿನ ಇದ್ದು ಹೋಗಾಮು," ಎಂದಳು ಶರಣಮ್ಮ. ಮೈದುನನ ಹೆಂಡತಿ ಬಿಸಿ ರೊಟ್ಟಿ ಬಡಿಯುತ್ತಿದ್ದಳು. ನಾನು ಎಂಟು ದಿನ ಇದ್ದೆ.